ರೂಪಾಯಿ ಕಾಲಮ್ಮಿನಲ್ಲಿ ಎರಡು ಸೇರು ಸಾಮೆ

ಒಂಬತ್ತು ಜನ, ಒಂಬತ್ತು ಪಾಲು.
ಪುಸ್ತಕ ಬರೆಯುವ ಕೆಲಸ ನನ್ನದು,
ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೇ ಡುಮ್ಕಿ ಹೊಡೆದವಳದು.
‘ಲೆಕ್ಕದ ಏಟು ತಿಂದೋಳಿಗೇ ಲೆಕ್ಕದ ಭಯ ಇರೋದು,
ಬರಿಯೇ’ ಅಂದರು.

ತಲೆಗೆ ಎರಡು ಸಾವಿರ.
ತಿಪ್ಪಕ್ಕ ಕುರಿಮರಿ ಮಾರಿ ತಂದಳು.
ಮಾಬುನ್ನಿ ಬಳೆ ಮಲಾರ ಹೊತ್ತ ದುಡ್ಡು, ಎಲ್ಲ ಹತ್ತರ ನೋಟು.
ದುರುಗವ್ವನದು ನರೇಗಾ ಕೂಲಿ,
ಕೆರೆಯ ಹೂಳು ಇನ್ನೂ ಉಗುರಲ್ಲಿತ್ತು.
ಕರಿಬಸಮ್ಮ ಕೊನೆಗೆ ಬಂದು
ಕಂಕುಳಿಂದ ಸೋರೆಬುರುಡೆ ಇಳಿಸಿದಳು,
ಬಾಯಿಗೆ ಸಗಣಿ ಬೂದಿ ಮೆತ್ತಿದ್ದು.

‘ದುಡ್ಡಿಲ್ಲ. ಎರಡು ಸೇರು ಕರಿ ಸಾಮೆ ಐತೆ.
ಅತ್ತೆ ಸಾಯೋ ಮುಂಚೆ ಕೈಗಿಟ್ಟಿದ್ದು.
ಎರಡು ಮಳೆ ಕೈಕೊಟ್ರೂ ಮೂರನೇದಕ್ಕೆ ಕಾಯ್ತದೆ.
ನಿನ್ನ ಪುಸ್ತಕದಾಗೆ ಇದಕ್ಕೆ ಎಷ್ಟು?’

ಪುಸ್ತಕದಲ್ಲಿ ಇದ್ದದ್ದು
ಹೆಸರು, ರೂಪಾಯಿ, ಸಹಿ.
ಪೆನ್ನು ಕಚ್ಚಿದೆ.
ಆಮೇಲೆ ರೂಪಾಯಿಯ ಜಾಗದಲ್ಲೇ ಬರೆದೆ:
ಎರಡು ಸೇರು.

ಬ್ಯಾಂಕಿನವರು ಕನ್ನಡಕ ಮೇಲೆತ್ತಿದರು.
‘ಇದೇನಮ್ಮಾ, ಟೋಟಲ್ ಹೇಗೆ ಹಾಕೋದು?
ಹದಿನಾರು ಸಾವಿರದ ಎರಡು ಸೇರು ಅಂತಲೇ?’
‘ಹೂಂ ಸಾರ್, ಅಷ್ಟೇ ಇರೋದು’ ಅಂದಳು ದುರುಗವ್ವ.
ಗಂಡಂದಿರ ಸಹಿ ಬೇಕು ಎಂದರು.
ತಿಪ್ಪಕ್ಕ ಹೆಬ್ಬೆಟ್ಟಿನ ಮಸಿ ಸೆರಗಿಗೊರೆಸುತ್ತ
‘ತೀರಿಸೋಳು ಯಾರೋ ಅವಳ ಕೈ ನೋಡ್ರಿ’ ಎಂದಳು.
ಹೊಸದುರ್ಗದ ಬಸ್ಸು ಏಳು ಸಲ ಹತ್ತಿಳಿದ ಮೇಲೆ
ಸೀಲು ಬಿತ್ತು.

ಯಂತ್ರ ಬಂತು,
ಸಾಮೆಯ ಸಿಪ್ಪೆ ಸುಲಿದು ಅಕ್ಕಿ ಉಗುಳುವ ಯಂತ್ರ.
ದುರ್ಗದಲ್ಲಿ ಒನಕೆಗೆ ಪ್ರತಿಮೆ ಇದೆ;
ನಮ್ಮವ್ವನ ಒನಕೆಗೆ ಇದ್ದದ್ದು ಅಂಗೈಯ ಬೊಬ್ಬೆ.
ಅದನ್ನು ತಗಡಿನ ಕೋಣೆಯ ಮೂಲೆಗೆ ಒರಗಿಸಿದ್ದೇವೆ.
ಎಸೆದಿಲ್ಲ. ಬೆಲ್ಟು ಹರಿದ ದಿನ ಬೇಕು.

ಹೊಟ್ಟು ಯಾರಿಗೆ ಅಂತ ಒಂದು ತಿಂಗಳು ಮಾತು ಬಿಟ್ಟೆವು.
ಗೊಲ್ಲರಹಟ್ಟಿಯ ಚಿತ್ತಮ್ಮ ಬಂದು
‘ಹೊಟ್ಟು ನಮ್ಮ ದನಕ್ಕೆ, ಗೊಬ್ಬರ ನಿಮ್ಮ ಹೊಲಕ್ಕೆ,
ಜಗಳ ನಿಮ್ಮಲ್ಲೇ ಇರ್ಲಿ’ ಅಂದಳು.
ಇದನ್ನೂ ಬರೆದೆ, ಜಾಗ ಸಾಲದೆ
ಹಿಂದಿನ ರಟ್ಟಿನ ಮೇಲೆ.

ಬುರುಡೆಯ ಸಾಮೆ ಮೊದಲ ವರ್ಷ ಅರ್ಧ ಎಕರೆ.
ಸೇರು ಒಯ್ದವರು ಎರಡು ಸೇರು ತಂದು ಸುರಿಯಬೇಕೆಂದು ಮಾತು.
ಈಗ ಮಾಡಿನ ಕೆಳಗೆ ಹದಿಮೂರು ಬುರುಡೆ ತೂಗುತ್ತವೆ,
ಗಾಳಿ ಬಂದರೆ ಒಂದಕ್ಕೊಂದು ತಾಕಿ
ಏನೋ ಹೇಳಿಕೊಳ್ಳುತ್ತವೆ.

ಪಾಲು ಹಂಚುವ ಹಿಂದಿನ ರಾತ್ರಿ
ಕರಿಬಸಮ್ಮನ ಬಡ್ಡಿ ಎಷ್ಟೆಂದು ಕೂತು ಕೂತು
ಗಣಿತಕ್ಕೆ ಇನ್ನೊಂದು ಸಲ ಫೇಲಾದೆ.
‘ನಮಗಿಂತ ಜಾಸ್ತಿ ಕೊಡು’ ಅಂದಳು ಮಾಬುನ್ನಿ.
‘ಎಲ್ರಷ್ಟೇ’ ಅಂದಳು ತಿಪ್ಪಕ್ಕ, ಮುಖ ತಿರುಗಿಸಿ.
ಕರಿಬಸಮ್ಮ ಎಲೆಗೆ ಸುಣ್ಣ ಸವರುತ್ತ
‘ದುಡ್ಡು ಹೆಂಗಾರ ಹಂಚ್ರಿ,
ನಮ್ಮತ್ತೆ ಬುರುಡೆ ನನಗೆ ವಾಪಸ್ ಕೊಡ್ರಿ.
ಸೊಸೆಗೆ ಏನು ಕೊಡಲಿ?’

ತ್ರೀಫೇಸ್ ಕರೆಂಟು ಬರುವುದು ರಾತ್ರಿ ಎರಡಕ್ಕೆ.
ನಾವು ಎದ್ದು ಹೊರಟರೆ ಬೀದಿನಾಯಿಗಳೂ ಈಗ ಬೊಗಳವು.
ಮೊದಮೊದಲು ಕಟ್ಟೆಯ ಮೇಲೆ ಗೊಣಗುತ್ತಿದ್ದ ಗಂಡಸರಲ್ಲಿ ಒಬ್ಬ,
ಕರಿಬಸಮ್ಮನ ಗಂಡ ಬೊಮ್ಮಲಿಂಗಣ್ಣ,
ನಿನ್ನೆ ಬ್ಯಾಟರಿ ಹಿಡಿದು ಹಿಂದೆ ಬಂದ.
ಬೆಲ್ಟಿನ ಮೇಲೆ ಬೆಳಕು ಬಿಟ್ಟು ನಿಂತ, ಬೆಳತನಕ.
ಮೀಸೆ ಪೂರಾ ಹೊಟ್ಟು.

‘ನನ್ನನ್ನ ಯಾವ ಕಾಲಮ್ಮಿಗೆ ಬರಕೊಳ್ತೀಯವ್ವ?’

‘ಹಂಗೇ ಹಿಡಕೊಂಡಿರಣ್ಣ’ ಅಂದೆ,
‘ಇನ್ನೂ ಗೆರೆ ಎಳೆದಿಲ್ಲ.’